ಮಲ್ಲಪ್ಪ ಶೆಟ್ಟಿಯ ಪಾತ್ರಕ್ಕೆ ಯಾರಿದ್ದಾರೆ?

ಟಿವಿಯಲ್ಲಿ ರಾಜದರ್ಬಾರಿನ ಧಾರಾವಾಹಿ ಶುರುವಾದ ಮೂರನೇ ದಿನಕ್ಕೆ ಬೆಳಗಾವಿಯ ಪಡಸಾಲೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಇವನ ಮಾರಿ ನೋಡಿದ್ರನ ಗೊತ್ತಾಗತೈತಿ, ಇವ ಕೈ ಕೊಡಾವ ಅಂತ. ರಾಜಾಗ್ಯಾಕ ಗೊತ್ತಾಗವಲ್ದು?" ಧಾರಾವಾಹಿ ವಿಮರ್ಶೆಯಲ್ಲಿ ಇದಕ್ಕಿಂತ ತೂಕದ ಮಾತು ನನಗೆ ಕಂಡಿಲ್ಲ. ಕೆಟ್ಟದಾಗಿ ನಟಿಸಿದವನು ಮಂತ್ರಿ, ದಡ್ಡ ಅನ್ನಿಸಿಕೊಂಡವನು ರಾಜ. ಹಾಗಾಗಿ ನನ್ನ ವಾದ ಇಷ್ಟೇ: ದರ್ಬಾರಿನ ಕತೆಯಲ್ಲಿ ಸಿಂಹಾಸನದ ಮರ್ಯಾದೆ ಉಳಿಯುವುದು ಅದರ ಮೇಲೆ ಕುಳಿತವರ ನಟನೆಯಿಂದಲ್ಲ, ಎಡಕ್ಕೆ ಕೈಕಟ್ಟಿ ನಿಂತ ದ್ರೋಹಿಯ ನಟನೆಯಿಂದ. ಅತ್ಯುತ್ತಮ ನಟ ಪ್ರಶಸ್ತಿ ಕೊಡುವವರು ಮೊದಲು ಅತ್ತ ಕಡೆ ಕಣ್ಣು ಹಾಯಿಸಬೇಕು.

ಈ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿತ್ತೂರಿನ ಕತೆ ನಿಂತಿರುವುದೇ ಇದರ ಮೇಲೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೋಟೆಯ ಮುಂದೆ ಕೆಡವಿದ ಸಂಸ್ಥಾನ, ಅದೇ ಡಿಸೆಂಬರಿನಲ್ಲಿ ಬಿತ್ತು. ನಡುವೆ ಏನಾಯಿತು ಎಂದು ಕೇಳಿದರೆ ಲಾವಣಿ ಹಾಡುವವರಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರೂ ಹೇಳುವುದು ಎರಡು ಹೆಸರು: ಮಲ್ಲಪ್ಪ ಶೆಟ್ಟಿ, ವೆಂಕಟರಾವ್. ತೋಪಿನ ಮದ್ದಿಗೆ ಸಗಣಿ ಬೆರೆಸಿದರು ಎಂಬುದು ಜನರ ಬಾಯಲ್ಲಿ ಉಳಿದ ಕತೆ. ಈಗ ಇದನ್ನೇ ತೆರೆಯ ಮೇಲೆ ತನ್ನಿ. ಮಲ್ಲಪ್ಪ ಶೆಟ್ಟಿಯ ವೇಷದವನು ಮೊದಲ ಕಂತಿನಲ್ಲೇ ಹುಬ್ಬು ಕುಣಿಸಿ, ಮೀಸೆ ತಿರುವಿ, ಕಂಬದ ಮರೆಯಿಂದ ಇಣುಕಿದನೋ, ಚೆನ್ನಮ್ಮನ ಗತಿ ಏನು? ಮನುಷ್ಯರನ್ನು ಅಳೆಯಬಲ್ಲ ರಾಣಿ, ಹಣೆಯ ಮೇಲೆ 'ದ್ರೋಹಿ' ಎಂದು ಬರೆದುಕೊಂಡು ಓಡಾಡುವವನ ಕೈಗೆ ಮದ್ದಿನ ಮನೆಯ ಕೀಲಿ ಕೊಟ್ಟಂತಾಯಿತು. ನಿರ್ದೇಶಕರು ಆಕೆಗೆ ಎಷ್ಟು ಎತ್ತರದ ಕುದುರೆ ತರಿಸಿದರೂ ಆ ನಷ್ಟ ತುಂಬುವುದಿಲ್ಲ.

ನಾಟಕ ಕಂಪನಿಗಳ ಕಾಲದಲ್ಲಿ ಈ ತೊಡಕಿಗೆ ಚಂದದ ದಾರಿಯಿತ್ತು. ಏಣಗಿ ಬಾಳಪ್ಪನವರಂಥ ಕಲಾವಿದರು ಬೆಳೆದ ವೃತ್ತಿರಂಗಭೂಮಿಯಲ್ಲಿ ದ್ರೋಹಿ ಎರಡು ಹೆಜ್ಜೆ ಮುಂದೆ ಬಂದು, ಪ್ರೇಕ್ಷಕರ ಕಡೆ ಮುಖ ಮಾಡಿ ಸ್ವಗತದಲ್ಲಿ ಎಲ್ಲವನ್ನೂ ಒಪ್ಪಿಸಿ, ಮತ್ತೆ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದು ನಿಲ್ಲುತ್ತಿದ್ದ. ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಕೇಳಿಸಿದ ಆ ಮಾತು ಮೂರು ಮೊಳ ದೂರದ ರಾಜನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸಬಾರದೆಂದು ಎಲ್ಲರೂ ಒಪ್ಪಿಕೊಂಡಿದ್ದರು. ರಾಜನ ಬುದ್ಧಿಗೂ ಧಕ್ಕೆಯಿಲ್ಲ, ನಮಗೂ ಗುಟ್ಟು ತಿಳಿಯಿತು. ಧಾರಾವಾಹಿಗಳು ಈ ಸ್ವಗತವನ್ನು ತೆಗೆದುಹಾಕಿ, ಆ ಜಾಗಕ್ಕೆ ಕ್ಯಾಮೆರಾ ತಂದವು. ಮಂತ್ರಿಯ ಮುಖವನ್ನು ಮೂರು ಕಡೆಯಿಂದ ಮೂರು ಸಲ ತೋರಿಸಿ, ಪ್ರತಿ ಸಲಕ್ಕೂ ಒಂದು ಸಿಡಿಲು ಹೊಡೆಸುತ್ತಾರೆ. ಇಷ್ಟು ಸದ್ದಾದರೂ ತಿರುಗಿ ನೋಡದ ರಾಜನನ್ನು ಕಂಡರೆ ಮೊದಲು ಕಿವಿಯ ವೈದ್ಯರ ನೆನಪಾಗುತ್ತದೆ, ಶೌರ್ಯದ ನೆನಪು ಆಮೇಲಿನದು.

ಹಾಗಾದರೆ ಶಕುನಿ? ಈ ಆಕ್ಷೇಪ ಬರುವುದು ಸಹಜ. ಬಿ. ಆರ್. ಚೋಪ್ರಾ ಅವರ 'ಮಹಾಭಾರತ'ದಲ್ಲಿ ಗೂಫಿ ಪೇಂಟಲ್ ಕುಂಟುತ್ತ ಬಂದ ಮೊದಲ ದೃಶ್ಯದಲ್ಲೇ ಇವನು ಮನೆ ಮುರಿಯುವವನೆಂದು ದೇಶಕ್ಕೆಲ್ಲ ಗೊತ್ತಾಯಿತು; ಆದರೂ ಆ ಶಕುನಿಯನ್ನು ಮೀರಿಸಿದವರು ಕಡಿಮೆ. ನಿಜ. ಆದರೆ ಶಕುನಿ ಆ ಅರಮನೆಯಲ್ಲಿ ಮುಚ್ಚಿಡಬೇಕಾದದ್ದು ಯಾರಿಂದ? ದುರ್ಯೋಧನ ಪಾಲುದಾರ. ಸಿಂಹಾಸನದ ಮೇಲಿರುವ ಧೃತರಾಷ್ಟ್ರನಿಗೆ ಕಣ್ಣೇ ಕಾಣದು. ಮುಖದ ಮೇಲೆ ಸಂಚು ಬರೆದುಕೊಂಡು ಓಡಾಡಲು ಹಸ್ತಿನಾವತಿಗಿಂತ ಅನುಕೂಲದ ದರ್ಬಾರು ಸಿಗುವುದಿಲ್ಲ. ಕಿತ್ತೂರಿನಲ್ಲಿ ಆ ಸೌಲಭ್ಯವಿರಲಿಲ್ಲ.

ನಾಯಕರ ಪಾತ್ರವೇನು ಸುಲಭವೇ ಎಂದು ಇನ್ನೊಂದು ಕಡೆಯಿಂದ ಕೇಳುತ್ತಾರೆ. ಸುಲಭವಲ್ಲ. 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್'ನಲ್ಲಿ ಹೈದರಾಲಿಯಾದ ಶಹಬಾಜ್ ಖಾನ್ ಅವರ ದನಿ ನೆನಪಿರುವವರು ಇನ್ನೂ ಇದ್ದಾರೆ. ಬೆಳಗಾವಿ, ಖಾನಾಪುರದ ಮರಾಠಿ ಮನೆಗಳಲ್ಲಿ ಅಮೋಲ್ ಕೊಲ್ಹೆ ಅವರ ಹೆಸರೆತ್ತಿ ನೋಡಿ (ಪಕ್ಕದ ಕನ್ನಡ ಮನೆಯವರೂ ಕಿಟಕಿಯಿಂದ ತಲೆದೂಗಿಯಾರು). ಅವರು 2008ರಲ್ಲಿ ಶುರುವಾದ ಧಾರಾವಾಹಿಯಲ್ಲಿ ಶಿವಾಜಿ, 2017ರಲ್ಲಿ ಶುರುವಾದದ್ದರಲ್ಲಿ ಅವನ ಮಗ ಸಂಭಾಜಿ, 2019ರಲ್ಲಿ ಲೋಕಸಭೆಯ ಸದಸ್ಯ. ಇಷ್ಟು ಬಡ್ತಿ ಕೊಡುವ ಪಾತ್ರವನ್ನು ಹಗುರ ಎನ್ನಲಾಗದು. ಆದರೆ ನಾಯಕನಿಗೆ ನೆರವಾಗಲು ಇಡೀ ತಂಡವೇ ಇರುತ್ತದೆ: ಕುದುರೆ, ಕತ್ತಿ, ಗಾಳಿಗೆ ಹಾರುವ ಶಾಲು, ಮಾತು ಬರೆಯುವವರು. 1961ರ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ಬಿ. ಸರೋಜಾದೇವಿಯವರು ಬೆಂಕಿಯಂತೆ ನಟಿಸಿದರು, ಸಂಶಯವಿಲ್ಲ. ಆದರೆ ಕಪ್ಪ ಕೇಳಿದವನಿಗೆ ರಾಣಿ ಕೊಟ್ಟ ಉತ್ತರವನ್ನು ನಮ್ಮ ಶಾಲೆಗಳ ವೇಷಭೂಷಣ ಸ್ಪರ್ಧೆಯಲ್ಲಿ, ಜಾರುವ ಸೀರೆಯನ್ನು ಒಂದು ಕೈಯಲ್ಲಿ ಹಿಡಿದು, ರಟ್ಟಿನ ಕತ್ತಿಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಒಂದನೇ ಈಯತ್ತೆಯ ಹುಡುಗಿ ಹೇಳಿದರೂ ಚಪ್ಪಾಳೆ ಬೀಳುತ್ತದೆ. ಆ ಮಾತಿನ ಬಲ ಅಂಥದು. ಮಲ್ಲಪ್ಪ ಶೆಟ್ಟಿಯ ವೇಷ ಹಾಕಿಸಿ ಮಗುವನ್ನು ಕಳಿಸಿದ ತಾಯಿಯನ್ನು ಯಾರಾದರೂ ಕಂಡಿದ್ದಾರೆಯೇ? ಅವನಿಗೆ ಹೇಳಲು ಒಂದು ಸಾಲೂ ಇಲ್ಲ. ಎಲ್ಲವನ್ನೂ ಮುಖದಲ್ಲೇ ಮಾಡಬೇಕು, ಅದೂ ಮುಖದಲ್ಲಿ ಏನೂ ಕಾಣಿಸದ ಹಾಗೆ.

ದ್ರೋಹಿಗೆ ಇಷ್ಟು ಮನ್ನಣೆ ಕೊಟ್ಟರೆ ದ್ರೋಹವನ್ನೇ ಹೊಗಳಿದಂತಾಗದೇ ಎಂದು ಗಂಭೀರವಾಗಿ ಕೇಳುವವರಿಗೂ ಉತ್ತರ ಕೊಡಬೇಕು. ನೋಡಿದ ಕೂಡಲೇ ಗುರುತು ಸಿಗುವ ದ್ರೋಹಿಯಿಂದ ನೋಡುಗರು ಕಲಿಯುವುದೇನೂ ಇಲ್ಲ. ದ್ರೋಹಿಗಳಿಗೆಲ್ಲ ದಪ್ಪ ಮೀಸೆ ಇರುತ್ತದೆಂದು ನಂಬಿ, ಮೀಸೆ ಬೋಳಿಸಿದವನ ಕಾಗದಕ್ಕೆ ಸಹಿ ಹಾಕುತ್ತಾರೆ. 'ಸ್ವರಾಜ್ಯರಕ್ಷಕ ಸಂಭಾಜಿ'ಯಲ್ಲಿ ಸೋಯರಾಬಾಯಿಯಾದ ಸ್ನೇಹಲತಾ ವಸಯಿಕರ್ ಅವರ ಬಲ ಇದ್ದದ್ದು ಇಲ್ಲಿಯೇ. ತನ್ನ ಹೊಟ್ಟೆಯ ಮಗನಿಗೆ ಪಟ್ಟ ಸಿಗಲಿ ಎನ್ನುವ ತಾಯಿ ತಾನು ಸಂಚು ಮಾಡುತ್ತಿದ್ದೇನೆ ಎಂದುಕೊಳ್ಳುವುದಿಲ್ಲ, ನ್ಯಾಯ ಕೇಳುತ್ತಿದ್ದೇನೆ ಎಂದುಕೊಳ್ಳುತ್ತಾಳೆ. ಮಲ್ಲಪ್ಪ ಶೆಟ್ಟಿಯೂ ಹಾಗೆಯೇ, ಲೆಕ್ಕ ಬಲ್ಲ ಸಭ್ಯ ಮನುಷ್ಯನಂತೆ ಬರಬೇಕು. ಮದ್ದು ಸಾಕಷ್ಟಿದೆಯೇ ಎಂದು ರಾಣಿ ಕೇಳಿದಾಗ, "ಏನೂ ಕಾಳಜಿ ಬ್ಯಾಡ್ರಿ ಅವ್ವಾರ" ಎಂದು ಬೀಗರ ಊಟದ ಉಸ್ತುವಾರಿ ಹೊತ್ತವನ ದನಿಯಲ್ಲಿ ಹೇಳಬೇಕು. ತೋಪು ಸಿಡಿಯದೆ ಹೋದಾಗ ಎಲ್ಲರ ಜೊತೆ ತಾನೂ ಬೆಚ್ಚಬೇಕು. ಎಲ್ಲರಿಗಿಂತ ಅರೆಕ್ಷಣ ಮೊದಲು ಬೆಚ್ಚಿದರೆ ಕೆಟ್ಟಿತು. ಆ ಅರೆಕ್ಷಣವನ್ನು ಹಿಡಿತದಲ್ಲಿಟ್ಟುಕೊಳ್ಳುವ ನಟನಿಗೆ ರಾಣಿಯ ಪಾತ್ರದಷ್ಟೇ ಸಂಭಾವನೆ ಕೊಡುವುದು ನ್ಯಾಯ.

ಸಂಗೊಳ್ಳಿ ರಾಯಣ್ಣನ ಕತೆಗೂ ಇದೇ ಮಾತು. ಹಳ್ಳದಲ್ಲಿ ಸ್ನಾನಕ್ಕಿಳಿದಾಗ ಅವನನ್ನು ತನ್ನವರೇ ಹಿಡಿದುಕೊಟ್ಟರು, ನಂಬಿ ಒಪ್ಪಿಸಿದ ಕತ್ತಿ ಕೇಳಿದಾಗ ಕೈಗೆ ಬರಲಿಲ್ಲ ಎಂದು ಜನಪದ ಹೇಳುತ್ತದೆ. 1831ರಲ್ಲಿ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅಲ್ಲಿಗೆ ಬಂದು ಕೈಮುಗಿಯುವವರ ಮುಂದೆ ರಾಯಣ್ಣನನ್ನು ಪೆದ್ದನಂತೆ ತೋರಿಸುವ ಹಕ್ಕು ಯಾವ ವಾಹಿನಿಗೂ ಇಲ್ಲ. ಕಿತ್ತೂರಿನ ಮೇಲೆ ಧಾರಾವಾಹಿ ತೆಗೆಯಲು ಹೊರಟಿರುವ ಮಹನೀಯರೇ, ರಾಣಿಯ ಪಾತ್ರಕ್ಕೆ ನಿಮಗೆ ನೂರು ಮಂದಿ ಸಿಗುತ್ತಾರೆ. ಮೊದಲು ಮಲ್ಲಪ್ಪ ಶೆಟ್ಟಿಯನ್ನು ಹುಡುಕಿ, ಮತ್ತು ದಯವಿಟ್ಟು ಆ ಸಿಡಿಲಿನ ಸದ್ದನ್ನು ಮಳೆಯ ದೃಶ್ಯಕ್ಕೆ ಉಳಿಸಿಕೊಳ್ಳಿ.