ಏಕಸೈಕಲ್ ದ್ವಿಸವಾರ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳದೆ ಆರಂಭವಾಗಕೂಡದು. ಈ ಶಾಸ್ತ್ರದ ವಿಷಯ, ಅಮೆರಿಕದಲ್ಲಿ ಬಾಬ್ ಬ್ಯಾಬಿಟ್ 1999ರಲ್ಲಿ ಹುಟ್ಟುಹಾಕಿದ ‘ಮಡ್ಡಿ ಬಡ್ಡಿ’ ಎಂಬ ಜೋಡಿ ಓಟ. ಅಧಿಕಾರಿ ಯಾರೆಂದರೆ, ರಜಾದಿನ ಮುಂಜಾನೆ ಹಾಸಿಗೆ ಬಿಟ್ಟೇಳಬಲ್ಲ, ಬಿಳಿ ಬಟ್ಟೆಯ ವ್ಯಾಮೋಹ ತೊರೆದ ಮುಮುಕ್ಷು. ಸಂಬಂಧ ಗಂಡ-ಹೆಂಡತಿಯದೋ, ಅಪ್ಪ-ಮಗಳದೋ, ಒಂದೇ ಆಫೀಸಿನವರದೋ ಆಗಬಹುದು. ಓಟ ಮುಗಿದ ಮೇಲೂ ಉಳಿದಿದ್ದರೆ ಸಾಕು. ಪ್ರಯೋಜನ: ಕೆಸರು.

ಇನ್ನು ಲಕ್ಷಣ. ಇಬ್ಬರಿಗೆ ಒಂದೇ ಸೈಕಲ್. ದಾರಿ ಹೆಚ್ಚುಕಡಿಮೆ 10 ಕಿ.ಮೀ. ಒಬ್ಬ ತುಳಿಯುತ್ತ ಹೊರಡುತ್ತಾನೆ, ಇನ್ನೊಬ್ಬ ಓಡುತ್ತ. ಅಡೆತಡೆ ಎದುರಾದಲ್ಲಿ ಸವಾರ ಸೈಕಲ್ಲನ್ನು ಬಿಟ್ಟು, ಗೋಡೆ ಹಾರಿಯೋ ಹಗ್ಗದ ಬಲೆ ಹತ್ತಿಯೋ ಆಚೆ ಸೇರಿ ಓಟಕ್ಕೆ ಬೀಳುತ್ತಾನೆ. ಹಿಂದಿನಿಂದ ಏದುಸಿರು ಬಿಡುತ್ತ ಬಂದವನು ಅದೇ ಅಡೆತಡೆ ದಾಟಿ, ಸೈಕಲ್ ಏರಿ, ಜೊತೆಗಾರನನ್ನು ಹಿಂದೆ ಹಾಕಿ ಹೋಗುತ್ತಾನೆ. ಹೀಗೇ ಅದಲುಬದಲು. ಕೊನೆಗೆ ಇಬ್ಬರೂ ಜೊತೆಗೂಡಿ ಕೆಸರುಹೊಂಡದಲ್ಲಿ ತೆವಳಿ ಗೆರೆ ಮುಟ್ಟಬೇಕು.

ಇದು ನಿನ್ನೆ ಮೊನ್ನೆಯ ಕಲ್ಪನೆ ಎಂದು ಮೂಗು ಮುರಿಯುವವರು ಸಂಪ್ರದಾಯ ಬಲ್ಲವರಲ್ಲ. ಸೈಕಲ್ಲಿಗೆ ಮುಂಚೆ ಆ ಪೀಠದಲ್ಲಿ ಕುದುರೆಯಿತ್ತು. ಜೀನ್ಸ್ ತಯಾರಿಸುವ ಲೀವೈ ಸ್ಟ್ರಾಸ್ ಕಂಪನಿಯ ಬಡ್ ಜಾನ್ಸ್ 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ರೈಡ್ ಅಂಡ್ ಟೈ’ ಸ್ಪರ್ಧೆ ನಡೆಸಿದರು: ಇಬ್ಬರು ಮನುಷ್ಯರು, ಒಂದು ಕುದುರೆ, ಕಟ್ಟಿಹಾಕಲು ಒಂದು ಮರ. ಅದಕ್ಕೂ ಹಿಂದೆ, 1737ರಲ್ಲಿ, ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಮತ್ತು ನಟ ಡೇವಿಡ್ ಗ್ಯಾರಿಕ್ ಲಿಚ್‌ಫೀಲ್ಡಿನಿಂದ ಲಂಡನ್ನಿಗೆ ಹೊರಟಿದ್ದರು. ತಾವು ಹೀಗೆ ಒಂದೇ ಕುದುರೆ ಹಂಚಿಕೊಂಡು ಬಂದೆವೆಂದು ಗ್ಯಾರಿಕ್ ಮುಂದೆ ಹೇಳಿಕೊಳ್ಳುತ್ತಿದ್ದ. ಕೇಳಿಸಿಕೊಂಡ, ಜಾನ್ಸನ್ನನ ಜೀವನಚರಿತ್ರೆಕಾರ ಬಾಸ್‌ವೆಲ್ ಅದನ್ನು ಒಗ್ಗರಣೆಯೆಂದೇ ಬಗೆದ.

ಹೆನ್ರಿ ಫೀಲ್ಡಿಂಗ್ ತನ್ನ ‘ಜೋಸೆಫ್ ಆಂಡ್ರೂಸ್’ ಕಾದಂಬರಿಯಲ್ಲಿ (1742) ಈ ಪದ್ಧತಿಯನ್ನು ಸೂತ್ರಪ್ರಾಯವಾಗಿ ವಿವರಿಸಿದ್ದಾನೆ. ದೋಷನಿರೂಪಣೆಯೂ ಅಲ್ಲೇ ಇದೆ. ಪಾದ್ರಿ ಆಡಮ್ಸ್ ಮಹಾಶಯ ಕುದುರೆಯ ಮೇವಿನ ದುಡ್ಡು ಕೊಡಲು ಮರೆತು ನಡೆದೇಬಿಡುತ್ತಾನೆ. ಜೇಬಿನಲ್ಲಿ ಅಷ್ಟು ದುಡ್ಡಿಲ್ಲದ ಜೋಸೆಫ್ ಕುದುರೆಯ ಸಮೇತ ಛತ್ರದಲ್ಲಿ ಸಿಕ್ಕಿಬೀಳುತ್ತಾನೆ. ಸೈಕಲ್ ಮೇವು ತಿನ್ನುವುದಿಲ್ಲ, ಪಶುವೈದ್ಯರ ತಪಾಸಣೆ ಬೇಡುವುದಿಲ್ಲ, ಹಗ್ಗ ಬಿಚ್ಚಿಕೊಂಡು ಓಡಿಹೋಗುವುದೂ ಇಲ್ಲ. ಆದರೆ ಕುದುರೆಗೆ ಮುಖವಿದೆ. ನೂರಾರು ಸೈಕಲ್ಲುಗಳು ಒರಗಿರುವ ಹುಲ್ಲುಗಾವಲಿನಲ್ಲಿ ನಮ್ಮದು ಯಾವುದೆಂದು ಗುರುತಿಸುವುದು ಬ್ರಹ್ಮಜಿಜ್ಞಾಸೆಗೆ ಸಮ. ಹ್ಯಾಂಡಲ್ಲಿಗೆ ಕೆಂಪು ರಿಬ್ಬನ್ ಕಟ್ಟತಕ್ಕದ್ದು. ಎಲ್ಲರೂ ಕೆಂಪು ರಿಬ್ಬನ್ನೇ ಕಟ್ಟಿದ್ದರೆ ಶಾಸ್ತ್ರ ಹೊಣೆಯಲ್ಲ.

ಈಗ ಗಣಿತಪಾದ. ಇಬ್ಬರೂ ಗಂಟೆಗೆ 10 ಕಿ.ಮೀ. ಓಡುತ್ತಾರೆ, 20 ಕಿ.ಮೀ. ತುಳಿಯುತ್ತಾರೆ ಎಂದಿಟ್ಟುಕೊಳ್ಳೋಣ. 10 ಕಿ.ಮೀ. ದಾರಿಯಲ್ಲಿ ಅರ್ಧ ಓಡಲು 30 ನಿಮಿಷ, ಅರ್ಧ ತುಳಿಯಲು 15; ಅಡೆತಡೆ ಬಿಟ್ಟರೆ ಒಟ್ಟು 45. ಸೈಕಲ್ಲಿಲ್ಲದೆ ಹೋಗಿದ್ದರೆ 60 ಆಗುತ್ತಿತ್ತು. ಸೈಕಲ್ಲಾದರೋ ಪೂರ್ತಿ ದಾರಿಯನ್ನು 30 ನಿಮಿಷದಲ್ಲಿ ಕ್ರಮಿಸಿ, ಮಿಕ್ಕ 15 ನಿಮಿಷ ನೆಲದ ಮೇಲೆ ಮಲಗಿರುತ್ತದೆ. ಮೂವರಲ್ಲಿ ಸುಖಿ ಅದೊಂದೇ.

ಬಲಾಬಲ ಬೇರೆಯಾದರೆ? ಒಬ್ಬ 12ರ ವೇಗದಲ್ಲಿ, ಇನ್ನೊಬ್ಬ 8ರ ವೇಗದಲ್ಲಿ ಓಡುವವನಾದರೆ, ಚುರುಕಿನವನು ಸುಮಾರು 3 ಕಿ.ಮೀ. ಮಾತ್ರ ತುಳಿದು ಉಳಿದ 7ನ್ನು ನಿಧಾನಿಗೆ ಬಿಡಬೇಕು. ಆಗ ಇಬ್ಬರೂ ಸುಮಾರು 44 ನಿಮಿಷಕ್ಕೆ ಗುರಿ ತಲಪುತ್ತಾರೆ. ಕುದುರೆ ಪಂಥದವರಿಗೆ ಈ ಸ್ವಾತಂತ್ರ್ಯವಿದೆ, ಎಲ್ಲಿ ಮರ ಕಂಡರೆ ಅಲ್ಲಿ ಕಟ್ಟಬಹುದು. ಸೈಕಲ್ ಪಂಥದಲ್ಲಿ ಬದಲಾಯಿಸುವ ಜಾಗ ಮೊದಲೇ ಗೊತ್ತಾಗಿರುವುದರಿಂದ, ಯಾರು ಮೊದಲು ಹತ್ತಬೇಕೆಂಬುದು ಹಿಂದಿನ ರಾತ್ರಿ ಊಟದ ಹೊತ್ತಿಗೆ ಇತ್ಯರ್ಥವಾಗತಕ್ಕ ವ್ಯಾಜ್ಯ.

ಪೂರ್ವಪಕ್ಷ: ಒಬ್ಬ ತುಳಿದು ಇನ್ನೊಬ್ಬನನ್ನು ಹಿಂದೆ ಕೂರಿಸಿಕೊಂಡು ಡಬಲ್ ಹೊಡೆದರೆ ಓಡುವ ಕರ್ಮವೇ ತಪ್ಪುತ್ತದಲ್ಲ? ಖಂಡನೆ: ಮೌಂಟನ್ ಬೈಕಿಗೆ ಕ್ಯಾರಿಯರ್ ಇಲ್ಲ. ಸಮಾಧಾನವಾಗದಿದ್ದವರು ಮುಂದಿನ ಬಾರಿನ ಮೇಲೆ ಕೂತು ನೋಡಬಹುದು. ವಾದ ತಾನಾಗಿ ಮುಗಿಯುತ್ತದೆ.

ಆಸನವಿಚಾರ ಇದಕ್ಕಿಂತ ಜಟಿಲ. ಆರಡಿಯ ಗಂಡ, ಐದಡಿಯ ಹೆಂಡತಿ, ಒಂದೇ ಸೀಟು. ಕೈಯಿಂದಲೇ ಸಡಿಲಿಸಬಹುದಾದ ಲಿವರ್ ಇದ್ದರೆ ಸೀಟು ಕ್ಷಣದಲ್ಲಿ ಏರಿಳಿಯುತ್ತದೆ. ಇಲ್ಲವಾದರೆ ಒಬ್ಬರ ಮಂಡಿ ಗದ್ದಕ್ಕೆ ಬಡಿಯುತ್ತದೆ, ಇಲ್ಲವೇ ಇನ್ನೊಬ್ಬರ ಕಾಲು ಪೆಡಲಿಗೆ ಎಟುಕುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಹೆಲ್ಮೆಟ್ ಬೇಕು. ಓಡುವಾಗಲೂ ಅದನ್ನು ತಲೆಯಲ್ಲೇ ಉಳಿಸಿಕೊಳ್ಳುವುದು ಲೇಸು. ಶೂ ಓಟದ್ದೇ ಇರಲಿ, ಪೆಡಲು ಚಪ್ಪಟೆಯದಿರಲಿ.

ಸಿದ್ಧಾಂತ: ಹೊರಡುವಾಗಿನಿಂದ ಕೊನೆಯ ಅಡೆತಡೆಯವರೆಗೆ ಇದು ಅಪ್ಪಟ ದ್ವೈತ. ಜೊತೆಗಾರರು ಒಬ್ಬರನ್ನೊಬ್ಬರು ಕಾಣುವುದು ಹಿಂದಿಕ್ಕುವ ಗಳಿಗೆಯಲ್ಲಿ ಮಾತ್ರ, ಅದೂ ಬೆನ್ನಿನ ಕಡೆಯಿಂದ. ಕೆಸರುಹೊಂಡಕ್ಕೆ ಇಳಿದ ಮೇಲೆ ಅದ್ವೈತ. ಮೇಲೆದ್ದು ಬಂದವರಲ್ಲಿ ಗಂಡ ಯಾರು, ಹೆಂಡತಿ ಯಾರು ಎಂಬ ಭೇದ ನೀರಿನ ಪೈಪು ಹಿಡಿಯುವ ತನಕ ಇರುವುದಿಲ್ಲ.

ಫಲಶ್ರುತಿಗೆ ಮುನ್ನ ಒಂದು ಸೂಚನೆ. ಕೆಸರುಹೊಂಡಕ್ಕೆ ಸೈಕಲ್ಲಿಗೆ ಪ್ರವೇಶವಿಲ್ಲ. ಅದು ಕೊನೆಯ ತಾಣದಲ್ಲೇ ಬಿದ್ದಿರುತ್ತದೆ. ಮನೆಗೆ ಹೊರಡುವ ಮುನ್ನ ಇಬ್ಬರಲ್ಲಿ ಒಬ್ಬರು ಹಿಂದಿರುಗಿ ಹೋಗಿ ಅದನ್ನು ತರತಕ್ಕದ್ದು. ಯಾರು ಹೋಗಬೇಕೆಂಬುದನ್ನು ಜೊತೆಗಾರರೇ ತೀರ್ಮಾನಿಸಿಕೊಳ್ಳಲಿ. ಶಾಸ್ತ್ರ ಅದರಲ್ಲಿ ತಲೆಹಾಕುವುದಿಲ್ಲ.