ಮಿಲಿಟರಿ ಹೋಟೆಲಿಗೆ ಎಂಡ್ ಟಾಸ್ಕ್

ವಿಂಡೋಸ್ ಕಂಪ್ಯೂಟರಿನ ಸೆಟ್ಟಿಂಗ್ಸ್ ಕೆದಕುತ್ತಾ ಹೋದರೆ ಒಂದು ಪ್ರಶ್ನೆ ಸಿಗುತ್ತದೆ: ಪ್ರೊಸೆಸರಿನ ಒಲವು ಯಾರ ಕಡೆಗಿರಲಿ, ಪ್ರೋಗ್ರಾಮ್‌ಗಳಿಗೋ ಬ್ಯಾಕ್‌ಗ್ರೌಂಡ್ ಸರ್ವೀಸ್‌ಗಳಿಗೋ? ಮನೆಯ ಕಂಪ್ಯೂಟರುಗಳಲ್ಲಿ ಮೊದಲನೆಯದನ್ನೇ ಆರಿಸಿ ಕೊಟ್ಟಿರುತ್ತಾರೆ. ಕಣ್ಣೆದುರು ತೆರೆದಿರುವ ವಿಂಡೋಗೆ ಪ್ರತಿ ಸರದಿಯಲ್ಲೂ ಉಳಿದವರ ಮೂರರಷ್ಟು ಹೊತ್ತು. ಸರ್ವರುಗಳಲ್ಲಿ ಈ ಪಕ್ಷಪಾತವಿಲ್ಲ. ಪರದೆಯ ಮುಂದೆ ಕೂತು ಮೆಚ್ಚುವವರೇ ಅಲ್ಲಿಲ್ಲ.

ಬೆಂಗಳೂರಿನ ಆಯ್ಕೆ ಯಾವುದೆಂದು ಯಲಹಂಕದವರನ್ನು ಕೇಳಿ. 2025ರ ಫೆಬ್ರವರಿ 10ರಿಂದ 14ರವರೆಗೆ ಅಲ್ಲಿನ ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ. ಆ ಐದು ದಿನದ ಪ್ರೋಗ್ರಾಮಿಗಾಗಿ ಆಗಿನ ಬಿಬಿಎಂಪಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ಸುತ್ತಲ 13 ಕಿಲೋಮೀಟರಿನಲ್ಲಿ ಮಾಂಸ ಮಾರುವುದನ್ನೂ ಹೋಟೆಲಿನಲ್ಲಿ ಬಡಿಸುವುದನ್ನೂ ನಿಷೇಧಿಸಿತು. ಹೆಬ್ಬಾಳವೂ ಆ ವೃತ್ತದೊಳಗೇ. ಮಿಲಿಟರಿ ವಿಮಾನ ಹಾರಲೆಂದು ಮಿಲಿಟರಿ ಹೋಟೆಲಿನ ಒಲೆ ಆರಿಸುವ ಕೀರ್ತಿ ನಮಗಲ್ಲದೆ ಇನ್ಯಾರಿಗೆ!

ಕಾರಣವೇನೂ ಸುಳ್ಳಲ್ಲ. ಮಾಂಸದ ಚೂರಿಗೆ ಹದ್ದು ಬರುತ್ತದೆ, ಹದ್ದು ಎಂಜಿನ್ನಿಗೆ ಸಿಕ್ಕರೆ ಪೈಲಟ್ ಜೀವಕ್ಕೇ ಸಂಚಕಾರ. ಆದರೆ ಹದ್ದೇನು ಚೀಲ ಹಿಡಿದು ಬಂದು ಅರ್ಧ ಕೆಜಿ ಬೋನ್‌ಲೆಸ್ ಕೇಳುತ್ತದೆಯೇ? ಅದು ಇಳಿಯುವುದು ಖಾಲಿ ಸೈಟಿನ ತಿಪ್ಪೆಗೆ. ಒಡೆದ ಪ್ಲಾಸ್ಟಿಕ್ ಕವರು, ಅದರೊಳಗೆ ಕೋಳಿ ಪುಕ್ಕ, ಕರುಳು. ಆದೇಶಕ್ಕೆ ಆಧಾರವಾದ 1937ರ ವಿಮಾನ ನಿಯಮಾವಳಿಯ 91ನೇ ನಿಯಮವೂ ಪ್ರಾಣಿವಧೆಯ ಜತೆಗೇ ಕಸ ಸುರಿಯುವುದನ್ನೂ ಬೇಡ ಎನ್ನುತ್ತದೆ. ಅದೂ ವರ್ಷವಿಡೀ, ಪ್ರದರ್ಶನ ಇರಲಿ ಬಿಡಲಿ. ಕಸ ಎತ್ತುವುದು ಮಾತ್ರ ಅಪ್ಪಟ ಬ್ಯಾಕ್‌ಗ್ರೌಂಡ್ ಸರ್ವೀಸ್. ಕಸದ ಆಟೊ ಬೀದಿಗೆ ಬಂತೆಂದು ಯಾವ ಮಂತ್ರಿಯೂ ಟೇಪು ಕತ್ತರಿಸುವುದಿಲ್ಲ. ಅಂಗಡಿಗೆ ನೋಟಿಸ್ ಅಂಟಿಸಲು ಒಬ್ಬ ಸಾಕು, ತಿಪ್ಪೆ ಕರಗಿಸಲು ದಿನಾ ಬೆಳಗಾದರೆ ಆಳು ಬೇಕು. ಹಾಗಾಗಿ ಮಟನ್ ಸ್ಟಾಲಿಗೆ ಎಂಡ್ ಟಾಸ್ಕ್.

ವಿಂಡೋಸಿಗಾದರೂ ಒಂಚೂರು ಕನಿಕರವಿದೆ. ಸರದಿ ಸಿಗದೆ ಸುಮಾರು ನಾಲ್ಕು ಸೆಕೆಂಡು ಕಾದ ಕೆಲಸವನ್ನು ಹುಡುಕಿ, ಅದರ ಆದ್ಯತೆಯನ್ನು 15ಕ್ಕೆ ಏರಿಸಿ, ತುಸು ಹೊತ್ತು ಓಡಲು ಬಿಡುತ್ತದೆ. ನಮ್ಮ ತಿಪ್ಪೆಗೆ ಆ ಭಾಗ್ಯ ಎರಡು ವರ್ಷಕ್ಕೊಮ್ಮೆ, ಅದೂ ವಿದೇಶಿ ಅತಿಥಿಗಳ ಕಾರು ಹಾದುಹೋಗುವ ರಸ್ತೆಯಲ್ಲಿದ್ದರೆ.

ಕೋಳಿ ಅಂಗಡಿಯವನ ಶೆಟರು 26 ದಿನ ಕೆಳಗಿತ್ತು. ಬಾಡಿಗೆಯ ಪ್ರೋಗ್ರಾಮನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ.