ಸಪ್ಪಳಿಲ್ಲದ ಊರು

(ಧಾರವಾಡದ ಒಂದು ಜಗಲಿ, ಸಂಜೆ. ಬೆಂಗಳೂರಿನ ಗದ್ದಲಕ್ಕೆ ಬೇಸತ್ತು ಲ್ಯಾಪ್‌ಟಾಪ್ ಸಮೇತ ಮರಳಿದ ಹುಡುಗ. ನೌಕರಿಯಿಂದಷ್ಟೇ ನಿವೃತ್ತರಾದ ಕಾಕಾ.)

ಹುಡುಗ: ಕಾಕಾ, ಇಲ್ಲೇ ಇದ್ದುಬಿಡ್ತೀನ್ರಿ. ಏನ್ ಶಾಂತಿ! ಒಂದು ಹಾರ್ನ್ ಇಲ್ಲ.

ಕಾಕಾ: ಇರಪಾ. ನಿನ್ನೆ ರಾತ್ರಿ ಹನ್ನೊಂದೂವರಿಗೆ ಚಾ ಕಾಸಿದ್ಯಂತಲ್ಲ?

ಹುಡುಗ: ನಿಮಗ ಹೆಂಗ ಗೊತ್ತಾತ್ರಿ?

ಕಾಕಾ: ಊರು ಶಾಂತ ಅದನೋ. ಗ್ಯಾಸ್ ಹಚ್ಚಿದ್ದು ನಾಕ್ ಮನಿಗೆ ಕೇಳಸ್ತದ.

ಹುಡುಗ: ಸಂಜಿಮುಂದ ಮಂದಿ ಏನ್ ಮಾಡ್ತಾರ್ರೀ ಇಲ್ಲೆ?

ಕಾಕಾ: ವಿದ್ಯಾವರ್ಧಕ ಸಂಘದಾಗ ಭಾಷಣ ಕೇಳ್ತಾರ. ಸಂಘ ಹುಟ್ಟಿದ್ದು 1890ರಾಗ. ಭಾಷಣ ಇನ್ನೂ ಮುಗಿದಿಲ್ಲ. ಕೇಳಾಕ ಬಂದ ಇಪ್ಪತ್ತು ಮಂದ್ಯಾಗ ಹದಿನೈದು ಮಂದಿ ಮುಂದಿನ ವಾರದ ಭಾಷಣಕಾರರು.

ಹುಡುಗ: ಮತ್ತ ಮಾಲ್, ದೊಡ್ಡ ದವಾಖಾನಿ, ವಿಮಾನ?

ಕಾಕಾ: ಹುಬ್ಬಳ್ಳಿ! ಇಪ್ಪತ್ತು ಕಿಲೋಮೀಟರ್. ನಮ್ಮ ಗದ್ದಲಾ ಎಲ್ಲಾ ಅಲ್ಲಿಟ್ಟೀವಿ. ಬೇಕಾದಾಗ ಚಿಗರಿ ಬಸ್ ಹತ್ತಿ ಹೋಗಿ, ಕೆಲಸಾ ಮುಗಿಸಿ, ಅಲ್ಲಿಯವರನ್ನ ಬೈಕೋತ ವಾಪಸ್ ಬರ್ತೀವಿ. ಅವರು ರೊಕ್ಕಾ ಎಣಸ್ತಾರ, ನಾವು ಅವರ ವ್ಯಾಕರಣದ ತಪ್ಪು ಎಣಸ್ತೀವಿ.

(1962ರಲ್ಲಿ ಎರಡೂ ಊರಿಗೆ ಒಂದೇ ಮಹಾನಗರ ಪಾಲಿಕೆ ಮಾಡಿದರು. ಮನಸ್ಸು ಸೇರಿಸುವ ವಿಭಾಗ ತೆರೆಯಲು ಮರೆತರು.)

ಹುಡುಗ: ನಾಳೆ ಮಧ್ಯಾಹ್ನ ಎರಡಕ್ಕ ನನ್ನ ಆಫೀಸಿನ ಮೀಟಿಂಗ್ ಅದರಿ.

ಕಾಕಾ: ಎರಡಕ್ಕ? ಆವಾಗ ಓಣಿ ಮಲಗಿರ್ತದ. ಎಬ್ಬಿಸಿದ್ರ ಎಲ್ಲಾರೂ ಬಂದು ನಿನ್ನ ಪಗಾರ ಕೇಳ್ತಾರ.

ಹುಡುಗ: ನಾ ಹೇಳಂಗಿಲ್ಲ ಬಿಡ್ರಿ.

ಕಾಕಾ: ಹೇಳಬ್ಯಾಡ. ನಾ ಮುಂಜಾನೇನೇ ಹೇಳೀನಿ. ಇಬ್ಬರು ಜಾತಕಾ ಕೊಟ್ಟು ಹೋಗ್ಯಾರ.